ಅರ್ತ್ ಸಿಗದ ಕಾರು

ಕಾರಿನ ಸೀಟು ಹೊಲಿಯುವುದು ನನ್ನ ಕಸುಬು. ಮೂಡಿಗೆರೆ ಬಸ್‌ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ಕೆಳಗಿಳಿದರೆ ನನ್ನ ಕುಶನ್ ಅಂಗಡಿ. ಹೆಂಗಸಿಗೆ ಇದೆಂಥ ಕೆಲಸ ಅಂತ ಮೂಗು ಮುರಿಯುವವರು ಈಗಲೂ ಇದ್ದಾರೆ. ಮುರಿಯಲಿ. ಜೀಪಿನ ಸೀಟು ಹರಿದು ಸ್ಪ್ರಿಂಗು ಚುಚ್ಚಿದ ದಿನ ಅದೇ ಮೂಗು ಹೊತ್ತುಕೊಂಡು ನನ್ನ ಹತ್ತಿರವೇ ಬರುತ್ತಾರೆ.

ನಾನು ಹೇಳಹೊರಟಿರುವವರು ಹಾಗೆ ಮೂಗು ಮುರಿದವರಲ್ಲ. ಹೆಸರು ಬರೆಯುವುದಿಲ್ಲ. ಮೈಕ್‌ಸೆಟ್ಟಿನವರು ಅಂದರೆ ಸಾಕು, ಕಳಸದವರೆಗೂ ಗೊತ್ತಿದ್ದವರಿಗೆ ಗೊತ್ತಾಗುತ್ತದೆ. ಅವರು ಹೋಗಿ ವರ್ಷವಾಯಿತು. ಅವರ ಹೆಂಡತಿ, ನಾನು ಅಮ್ಮ ಅಂತಲೇ ಕರೆಯುತ್ತಿದ್ದೆ, ಈ ಸಲ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಅವರೂ ಹೋದರು. ಮಕ್ಕಳಿರಲಿಲ್ಲ. ಇನ್ನು ನಾನು ಬಾಯಿ ಬಿಟ್ಟರೆ ಯಾರಿಗೂ ನೋವಾಗುವುದಿಲ್ಲ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಅವರದು ಕೆನೆಬಣ್ಣದ ಹಳೇ ಅಂಬಾಸಿಡರ್. ನೆತ್ತಿಯ ಮೇಲೆ ಎರಡು ದೊಡ್ಡ ಹಾರ್ನು. ನಾಟಕ, ಬೆಳೆಗಾರರ ಮೀಟಿಂಗು, ಪೋಲಿಯೋ ಹನಿ, ನಾಳೆ ಕರೆಂಟ್ ಇರುವುದಿಲ್ಲ ಎಂಬ ಸುದ್ದಿ, ಏನಿದ್ದರೂ ಆ ಕಾರು ಎಸ್ಟೇಟ್ ರಸ್ತೆಗಳಲ್ಲಿ ತೆವಳಿಕೊಂಡು ಸಾರುತ್ತ ಹೋಗುತ್ತಿತ್ತು. ಮೊದಲ ಸಲ ಸೀಟು ಬದಲಿಸಲು ತಂದಾಗ ನನಗೆ ಆಶ್ಚರ್ಯವಾಯಿತು. ಯಾವ ಕಾರಿನಲ್ಲಾದರೂ ಡ್ರೈವರ್ ಕೂರುವ ಜಾಗವೇ ಹೆಚ್ಚು ತಗ್ಗಾಗಿರುತ್ತದೆ. ಇದರ ಮುಂದಿನ ಉದ್ದ ಸೀಟಿನಲ್ಲಿ ಎಡಗಡೆ ಗುಂಡಿ ಬಿದ್ದಿತ್ತು.

“ಈ ಕಡೆ ಯಾರು ಕೂರ್ತಾರೆ ಮಾರಾಯ್ರೆ, ಆನೆಯಾ?” ಅಂದೆ.

“ನನ್ನ ಹೆಂಡ್ತಿ. ತೊಡೆ ಮೇಲೆ ಆಂಪ್ಲಿಫೈಯರ್ ಇಟ್ಕೊಂಡು ಕೂರ್ತಾಳೆ. ಆನೆ ಅಂದ್ರು ಅಂತ ಹೇಳ್ಲಾ?”

ಹೇಳಿಯೂ ಬಿಟ್ಟರು, ಪುಣ್ಯಾತ್ಮ. ಮರುದಿನ ಕಡ್ಡಿಯಂಥ ಒಬ್ಬ ಹೆಂಗಸು ಅಂಗಡಿ ಮೆಟ್ಟಿಲ ಮೇಲೆ ನಿಂತು, “ಆನೆ ಬಂದಿದೆ, ಟೀ ಕೊಡ್ತೀಯೇನೇ?” ಅಂದರು. ನಾನು ನಾಚಿಕೆಯಿಂದ ಭೂಮಿಗಿಳಿದುಹೋದೆ. ಅವತ್ತಿನಿಂದ ಆ ಇಬ್ಬರೂ ನನ್ನವರಾದರು.

ಮೈಕ್ ಕಟ್ಟುವವರೆಲ್ಲ ‘ಹಲೋ, ಚೆಕ್, ಚೆಕ್’ ಅಂತ ಬಡಿದುಕೊಳ್ಳುತ್ತಾರಲ್ಲ, ಅವರು ಹಾಗೆ ಮಾಡಿದವರೇ ಅಲ್ಲ. ಮೈಕ್ ಹಿಡಿದು ಮೆಲ್ಲಗೆ “ಊಟ ಆಯ್ತಾ?” ಅಂತ ಕೇಳುತ್ತಿದ್ದರು. ಹೊರನಾಡಿನಲ್ಲಿ ಒಂದು ಸಲ ಹೀಗೆ ಕೇಳಿದ್ದಕ್ಕೆ ಎದುರು ಗುಡ್ಡದ ತೋಟದಿಂದ ಯಾರೋ “ಇಲ್ಲಾ, ಈಗ ಹೊರಟ್ವೀ” ಅಂತ ಕೂಗಿದ್ದರಂತೆ. ಸಾವಿನ ಸುದ್ದಿ ಸಾರುವಾಗ ಗೇರು ಇಳಿಸಿ ವಾಲ್ಯೂಮನ್ನು ಅರ್ಧಕ್ಕೆ ತರುತ್ತಿದ್ದರು. “ಸತ್ತೋರ ಮನೆಗೂ ಕೇಳ್ಸುತ್ತಲ್ಲ, ಅವ್ರ ಮುಂದೆ ಕಿರುಚೋದಾ?” ಎನ್ನುವವರು. ಅವರ ದೊಡ್ಡ ಹೆಮ್ಮೆ ಒಂದೇ. ನಲವತ್ತು ವರ್ಷದಲ್ಲಿ ಅವರ ಸೆಟ್ಟು ಎಲ್ಲೂ ಕೈಕೊಟ್ಟಿರಲಿಲ್ಲ. ಮಂತ್ರಿಗಳು ಬಂದಾಗ ಕರೆಂಟು ಹೋಗಿದೆ, ಪೆಂಡಾಲೇ ಹಾರಿಹೋಗಿದೆ, ಅವರ ಮೈಕು ಮಾತ್ರ ನಿಂತಿಲ್ಲ. ಹಣೆಯ ವಿಭೂತಿ ಬೆವರಿಗೆ ಅಳಿಸಿದರೂ ಗಮನವಿಲ್ಲದವರು ಈ ಹೆಸರನ್ನು ಮಾತ್ರ ಬಹಳ ಜೋಪಾನವಾಗಿ ಇಟ್ಟುಕೊಂಡಿದ್ದರು.

ಈ ಸಂಸಾರದಲ್ಲಿ ಅಮ್ಮನದು ಒಂದೇ ದೂರು. ನಲವತ್ತು ವರ್ಷ ಊರಿಗೆಲ್ಲ ಹಾಡು ಕೇಳಿಸಿದ ಕಾರಿನೊಳಗೆ ಕೂತವರಿಗೆ ಒಂದೂ ಹಾಡು ಕೇಳಿಸಿರಲಿಲ್ಲ. ಹಾರ್ನಿನ ಬಾಯಿ ಹೊರಗಡೆಗೆ. ಅದರ ಕೆಳಗೆ ಕೂತವರಿಗೆ ಬರೀ ಗುಡುಗುಡು. ಒಂದು ಭಾವಗೀತೆ ಅಮ್ಮನಿಗೆ ಪ್ರಾಣ. ಎಲ್ಲ ಮದುವೆಯಲ್ಲೂ ಅದನ್ನೇ ಮೊದಲು ಹಾಕುವುದು, ಆದರೆ ಅಷ್ಟರಲ್ಲಿ ಬ್ಯಾಟರಿ ನೋಡು, ವೈರು ಹಿಡಿ ಅಂತ ಅವರಿಗೆ ನೂರೆಂಟು ಕೆಲಸ. “ಒಂದಿನ ಈ ಕಾರಲ್ಲೇ ಕೂತು, ಸಂಸೆಯ ನನ್ನ ತವರಿಗೆ ಹೋಗೋ ತನಕ, ಕೈಯಲ್ಲಿ ಏನೂ ಹಿಡ್ಕೊಳ್ದೆ ಹಾಡು ಕೇಳ್ಬೇಕು ನೋಡೇ” ಎನ್ನುತ್ತಿದ್ದರು. ಇಷ್ಟೇ ಆಸೆ. ಚಿನ್ನ ಕೇಳಲಿಲ್ಲ, ಕಾಶಿ ಕೇಳಲಿಲ್ಲ.

ಮೈಕ್‌ಸೆಟ್ಟಿನವರು ಆಗಲಿ, ಆಗಲಿ ಎನ್ನುತ್ತಲೇ ಇದ್ದರು. ಅಷ್ಟರಲ್ಲಿ ಅಮ್ಮನ ಕಿವಿ ಮಂದವಾಗತೊಡಗಿತು.

ಮಂಗಳೂರಿನಲ್ಲಿ ತೋರಿಸಿಕೊಂಡು ಬಂದರು. ಕಿವಿಗೆ ಹಾಕುವ ಒಂದು ಮೆಷಿನ್ ಕೊಟ್ಟಿದ್ದರು. ಅದು ಕುಯ್ ಅನ್ನುತ್ತದೆ ಅಂತ ಅಮ್ಮ ಅದನ್ನು ಸಾಸಿವೆ ಡಬ್ಬಿಯ ಹಿಂದೆ ಇಟ್ಟುಬಿಟ್ಟರು. “ನಂಗೇನಾಗಿದೆ? ಈಗಿನ ಜನವೇ ಗಟ್ಟಿಯಾಗಿ ಮಾತಾಡಲ್ಲ, ಎಲ್ಲ ಪಿಸುಗುಡ್ತಾರೆ” ಎಂದು ನನ್ನ ಮೇಲೆಯೇ ರೇಗಿದರು. ಡಾಕ್ಟರು ಅಮ್ಮನನ್ನು ಹೊರಗೆ ಕೂರಿಸಿ ಹೇಳಿದ್ದನ್ನು ಅವರು ನನ್ನ ಅಂಗಡಿಯಲ್ಲಿ ಕೂತು ಹೇಳಿದರು. ಹೆಚ್ಚೆಂದರೆ ಒಂದೂವರೆ ವರ್ಷ, ಆಮೇಲೆ ಏನೂ ಉಳಿಯುವುದಿಲ್ಲ.

“ವಯಸ್ಸು ಅಂದ್ರು ಡಾಕ್ಟ್ರು. ವಯಸ್ಸೂ ಅಲ್ಲ, ಮಣ್ಣೂ ಅಲ್ಲ. ನಲವತ್ತು ವರ್ಷ ಅವಳ ತಲೆ ಮೇಲೆ ಹಾರ್ನು ಇಟ್ಟೋನು ನಾನು” ಅಂದರು. ನಾನು ಹಾಗಲ್ಲ ಎಂದೆ. ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಅಮ್ಮನಿಗೆ ಇದನ್ನು ಹೇಳಿಬಿಡಿ ಎಂದದ್ದಕ್ಕೆ ಅವರು ಹೆದರಿದರು. ಕಾರಣ ಅಮ್ಮನ ಅಕ್ಕ. ಸಂಸೆಯಲ್ಲಿದ್ದ ಆಕೆಗೆ ಐವತ್ತಕ್ಕೇ ಪೂರ್ತಿ ಕಿವುಡು ಬಂದಿತ್ತು. ಮೊದಲು ಮನೆಯವರು ಕೂಗಿ ಮಾತಾಡಿದರು, ಆಮೇಲೆ ಕೈಸನ್ನೆ, ಆಮೇಲೆ ಅದೂ ಇಲ್ಲ. ಪಂಕ್ತಿಯಲ್ಲಿ ಎಲ್ಲರೂ ನಕ್ಕು ಮುಗಿಸಿದ ಮೇಲೆ ಆಕೆ ಒಬ್ಬಳೇ ನಗುತ್ತಿದ್ದಳಂತೆ. ಕೊನೆಗೆ ಗೋಡೆಗೆ ಮುಖ ಮಾಡಿ ಕೂತವಳು ಊಟ ಬಿಟ್ಟೇ ತೀರಿಹೋದಳು. “ಅಕ್ಕನ ಹಾಗೆ ಆದೆ ಅಂತ ಗೊತ್ತಾದ ದಿನ ನಾನು ಇರಲ್ಲ” ಎಂದು ಅಮ್ಮ ಒಂದಲ್ಲ ಹತ್ತು ಸಲ ಹೇಳಿದ್ದರು. ಹೇಳಿದ್ದನ್ನು ಮಾಡುವ ಹೆಂಗಸು ಅದು.

ಹಾಗೆ ಶುರುವಾಯಿತು ಕಾರಿನೊಳಗಿನ ಸ್ಪೀಕರ್ ಪ್ಲಾನು.

ನನಗೆ ಇವತ್ತಿಗೂ ಸಿಟ್ಟು ಬರುವುದು ಇಲ್ಲೇ. ಒಂದೂವರೆ ವರ್ಷ ಅಂತ ಗೊತ್ತಿದ್ದ ಮನುಷ್ಯ ಏನು ಮಾಡಬೇಕು? ಎರಡು ಸ್ಪೀಕರ್ ತಂದು ಹಿಂದಿನ ಗಾಜಿನ ಹತ್ತಿರ ಇಟ್ಟು ಹಾಡು ಹಾಕಬೇಕು. ನಾನು ಹಾಗೇ ಬಾಯಿ ಬಡಿದುಕೊಂಡೆ.

“ಹಂಗೆ ಹಾಕೋಕೆ ಇದೇನು ಟೂರಿಸ್ಟ್ ವ್ಯಾನಾ?” ಎಂದರು. “ಮಾರಾಯ್ತಿ, ನಾನು ಜನ್ಮವೆಲ್ಲ ಹೊರಗೆ ಕೇಳ್ಸೋ ಕೆಲ್ಸ ಮಾಡ್ದೋನು. ಒಳಗೆ ಕೇಳ್ಸೋದು ಬೇರೆ ವಿದ್ಯೆ. ಅವಳಿಗೆ ಇರೋದು ಒಂಚೂರು ಕಿವಿ. ಆ ಒಂಚೂರಿಗೆ ಗುರಿ ಇಡ್ಬೇಕು.”

ಗುರಿ ಇಡಲು ಅಳತೆ ಬೇಕಲ್ಲ. ಒಂದು ದಾರಕ್ಕೆ ಗಂಟು ಹಾಕಿಕೊಂಡು ಅಮ್ಮನ ಹಿಂದೆ ಮುಂದೆ ಸುತ್ತಿದರು. ಸೀಟಿನಿಂದ ಕಿವಿಗೆ ಎಷ್ಟು, ಎಡಗಿವಿಯಿಂದ ಬಾಗಿಲಿಗೆ ಎಷ್ಟು, ಬಲಗಿವಿಯಿಂದ ತಮ್ಮ ಭುಜಕ್ಕೆ ಎಷ್ಟು. ಅಮ್ಮ ನನ್ನ ಹತ್ತಿರ ಓಡಿ ಬಂದರು. “ನಿನ್ನೆಯಿಂದ ನನ್ನ ಕುತ್ತಿಗೆ ಅಳತೆ ತಗೊಳ್ತಿದ್ದಾರೆ ಕಣೇ. ಸರ ಮಾಡಿಸ್ತಾರೋ ನೇಣು ಹಾಕ್ತಾರೋ ತಿಳೀತಿಲ್ಲ!” ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅಮ್ಮನ ನಗು ಆಗಲೇ ಸ್ವಲ್ಪ ಜೋರಾಗಿತ್ತು, ತಮ್ಮ ದನಿ ತಮಗೆ ಕೇಳದವರು ನಗುವಷ್ಟು ಜೋರು.

ಆಮೇಲೆ ಕಾರಿನ ರಗಳೆ. ಬಾಗಿಲಿಗೆ ಒಂದೇ ಒಂದು ತೂತು ಹಾಕಬಾರದು ಅಂತ ಅವರ ಹಟ. ದಾರಿಯಲ್ಲಿ ನಿಲ್ಲಿಸಿದರೆ ಟೂರಿಸ್ಟುಗಳು ‘ಕ್ಲಾಸಿಕ್ ಕಾರ್ ಅಂಕಲ್’ ಅಂತ ಫೋಟೋ ತೆಗೆಸಿಕೊಳ್ಳುತ್ತಿದ್ದ ಕಾಲ. “ಕ್ಲಾಸಿಕ್ಕೋ ಪ್ಲಾಸ್ಟಿಕ್ಕೋ, ಬ್ರೇಕು ಹಿಡಿದ್ರೆ ಸಾಕಪ್ಪ” ಎನ್ನುತ್ತಿದ್ದರೂ ಒಳಗೊಳಗೆ ಹಿಗ್ಗು. ಇನ್ನೊಂದು ತಾಪತ್ರಯ ಅರ್ತಿನದು. ಬೇರೆ ಕಾರುಗಳಲ್ಲಿ ಬ್ಯಾಟರಿಯ ಮೈನಸ್ಸನ್ನು ಕಾರಿನ ಮೈಗೆ ಸೇರಿಸಿರುತ್ತಾರೆ, ಅದಕ್ಕೆ ಅರ್ತ್ ಅನ್ನುವುದು. ಈ ಮುದುಕ ಕಾರಿಗೆ ಎಲ್ಲ ಉಲ್ಟಾ, ಪ್ಲಸ್ಸೇ ಅರ್ತು. ಹೊಸ ಸ್ಟೀರಿಯೋ ಹಾಗೇ ಜೋಡಿಸಿದರೆ ಸುಟ್ಟು ಕರಕಲು. ಚಿಕ್ಕಮಗಳೂರಿನಲ್ಲಿ ಕೇಳಿದರೆ, ಈ ಕಾರಿಗೆ ನಾವು ಕೈ ಹಾಕುವುದಿಲ್ಲ ಎಂದರಂತೆ. ಅವರಿಗೆ ಅಷ್ಟೇ ಸಾಕಾಯಿತು, ತಾನೇ ಮಾಡುವೆ ಎಂದು ಹೊರಟರು.

ಹಳೇ ನಾಟಕಗಳ ಪ್ರಕಟಣೆ ಹಾಳೆಗಳ ಹಿಂಬದಿಯಲ್ಲಿ ಪ್ಲಾನು ಬರೆದರು. ಬರೆದರು, ಹರಿದರು, ಮತ್ತೆ ಬರೆದರು. ಸಿಲ್ವರ್ ಓಕ್ ಹಲಗೆಯಲ್ಲಿ ಸೀಟಿನಡಿಗೆ ಪೆಟ್ಟಿಗೆ ಮಾಡಿ, ಬೆರಳಲ್ಲಿ ಕುಟ್ಟಿ ನೋಡಿ, ಸದ್ದು ಸರಿಯಿಲ್ಲ ಅಂತ ಒಲೆಗೆ ಹಾಕಿದರು. ಬಾಗಿಲ ಒಳಮೈಗೆ ಕಾಫಿ ಮೂಟೆಯ ಗೋಣಿ ಹೊದಿಸು ಎಂದು ನನಗೆ ಗಂಟು ಬಿದ್ದರು. ಗೋಣಿ ಥಂಡಿ ಹೀರಿ ನಾರುತ್ತದೆ, ಫೆಲ್ಟ್ ಬಟ್ಟೆ ಹಾಕೋಣ ಎಂದು ನಾನು. ಈ ಜಗಳದಲ್ಲೇ ಒಂದು ಮಳೆಗಾಲ ಹೋಯಿತು. ಕೊನೆಗೆ ಫೆಲ್ಟಿಗೆ ಒಪ್ಪಿದಾಗ ನನ್ನ ಅಂಗಡಿಯ ತುಂಬ ಶಾಲೆ ವ್ಯಾನುಗಳ ಸೀಟು. ಇವತ್ತು ನಾಳೆ ಎಂದು ಆರು ವಾರ ತಳ್ಳಿದೆ. ಆ ಆರು ವಾರ ನನ್ನ ತಲೆಯ ಮೇಲಿದೆ. ಯಾರೂ ಕೇಳುವುದಿಲ್ಲ, ಆದರೂ ಇದೆ.

ಅಂತೂ ಎರಡನೆಯ ಮಳೆಗಾಲ ಕಳೆದು, ಜನವರಿಯ ಒಂದು ಭಾನುವಾರ ಬೆಳಿಗ್ಗೆ ಕಾರು ನನ್ನ ಅಂಗಡಿಯ ಮುಂದೆ ನಿಂತಿತು. ಎಲ್ಲಾ ಕೂಡಿಸಿ ಆಗಿತ್ತು. ಡಿಕ್ಕಿಯಲ್ಲಿ ಇದಕ್ಕೆಂದೇ ಬೇರೆ ಬ್ಯಾಟರಿ, ಸೀಟಿನಡಿಯ ಪೆಟ್ಟಿಗೆಯಲ್ಲಿ ಒಂದು ದೊಡ್ಡ ಸ್ಪೀಕರ್, ಡ್ಯಾಶ್‌ಬೋರ್ಡಿನ ಕೆಳಗೆ ಎರಡು ಸಣ್ಣವು, ಎರಡೂ ಅಮ್ಮನ ಕಿವಿಯ ಕಡೆ ಓರೆಯಾಗಿ. ಒಂದು ತೂತಿಲ್ಲ. ಅಮ್ಮ ಹೊಸ ಸೀರೆ ಉಟ್ಟು ಬಂದು ತಮ್ಮ ಜಾಗದಲ್ಲಿ ಕೂತರು. ತವರಿಗೆಂದು ಬಾಳೆಹಣ್ಣು, ಚಕ್ಕುಲಿ ಕಟ್ಟಿಕೊಂಡಿದ್ದರು. ಇಲ್ಲಿ ಒಮ್ಮೆ ಪರೀಕ್ಷೆ ಮಾಡಿ ಹಾಗೇ ಸಂಸೆಗೆ ಹೊರಡುವುದೆಂದು ಮಾತು. ನಾನು ಹಿಂದಿನ ಸೀಟಿಗೆ ಹತ್ತಿದೆ. ಅವರು ಬಾಗಿಲೆಲ್ಲ ಮುಚ್ಚಿ, ಗಾಜು ಏರಿಸಿ, ಸ್ವಿಚ್ ಒತ್ತಿದರು.

ಹಾಡು ಶುರುವಾಯಿತು. ಅಯ್ಯೋ ದೇವರೇ, ಏನು ಹೇಳಲಿ! ಆ ಹಾಡನ್ನು ಸಾವಿರ ಸಲ ಕೇಳಿದ್ದೆ, ಹಾಡುವಾಕೆ ಉಸಿರು ತೆಗೆದುಕೊಳ್ಳುತ್ತಾಳೆಂದು ಅವತ್ತೇ ಗೊತ್ತಾಗಿದ್ದು. ತಬಲಾದವನ ಬೆರಳು ನನ್ನ ಮೊಣಕಾಲಿನ ಹತ್ತಿರವೇ ಇದ್ದ ಹಾಗಿತ್ತು. ನನಗೆ ಅಳುವೇ ಬಂತು. ಇಷ್ಟು ದಿನ ಈ ಮನುಷ್ಯನಿಗೆ ಬೈದೆನಲ್ಲ ಅಂತ ಕೆನ್ನೆಗೆ ಹಾಕಿಕೊಳ್ಳೋಣ ಅನ್ನಿಸಿತು.

ಅವರು ಹಾಡು ಕೇಳುತ್ತಿರಲಿಲ್ಲ, ಅಮ್ಮನ ಮುಖ ನೋಡುತ್ತಿದ್ದರು. ಅಮ್ಮ ಮುಂದಿನ ಗಾಜಿನಾಚೆ ನೋಡುತ್ತ, ಸೆರಗಿನ ತುದಿಯಿಂದ ಡ್ಯಾಶ್‌ಬೋರ್ಡಿನ ಧೂಳು ಒರೆಸಿದರು. ಪಲ್ಲವಿ ಮುಗಿದು ಚರಣಕ್ಕೆ ಬಂತು. ಅಮ್ಮ ಚಕ್ಕುಲಿಯ ಗಂಟನ್ನು ಸರಿ ಮಾಡಿ ಕಾಲ ಬಳಿ ಇಟ್ಟುಕೊಂಡರು. ಆಮೇಲೆ ಅವರ ಕಡೆ ತಿರುಗಿ ಕೇಳಿದರು.

“ಏನ್ರೀ, ಶುರು ಮಾಡಲ್ವಾ? ಬಿಸಿಲೇರ್ತದೆ.”

ಅವರು ನನ್ನನ್ನು ಕನ್ನಡಿಯಲ್ಲಿ ನೋಡಿದರು. ಆ ಕಣ್ಣನ್ನು ನಾನು ಬರೆಯಲಾರೆ. ವಾಲ್ಯೂಮನ್ನು ಪೂರ್ತಿ ತಿರುಗಿಸಿದರು. ನಾನು ಕಿವಿ ಮುಚ್ಚಿಕೊಂಡೆ. ಅಮ್ಮ ಬಾಗಿಲ ಮೇಲೆ ಕೈಯಿಟ್ಟು, “ಇದೆಂತ ನಡುಗ್ತದೆ? ಇಂಜಿನ್ ಆನ್ ಇದ್ಯಾ?” ಅಂದರು.

ಅವರು ಸ್ವಿಚ್ ಆರಿಸಿದರು. ಅಮ್ಮನ ಕಡೆ ಪೂರ್ತಿ ತಿರುಗಿ, ತುಟಿ ಕಾಣುವ ಹಾಗೆ, ನಿಧಾನವಾಗಿ ಹೇಳಿದರು. “ಅರ್ತ್ ಸಿಗ್ತಿಲ್ಲ ಕಣೇ. ಕೈಕೊಡ್ತು.”

ಅಮ್ಮನಿಗೆ ಅವರ ಮಾತು ಮಾತ್ರ ತಪ್ಪುತ್ತಿರಲಿಲ್ಲ. ನಲವತ್ತು ವರ್ಷ ನೋಡಿದ ತುಟಿಗಳು, ಕಿವಿಯ ಕೆಲಸವನ್ನು ಕಣ್ಣೇ ಮಾಡುತ್ತಿತ್ತು. ಕೇಳುತ್ತದೆ ಅಂತಲೇ ಅಮ್ಮ ತಿಳಿದಿದ್ದರು. ನಂಬಲು ಮನಸ್ಸಿದ್ದವರು ನಂಬುತ್ತಾರೆ. “ಅಯ್ಯೋ, ಹೋಗ್ಲಿ ಬಿಡಿ” ಅಂತ ಅವರ ಭುಜ ತಟ್ಟಿದರು. “ನಿಮ್ಮ ಸೆಟ್ಟು ಕೈಕೊಟ್ಟಿದ್ದು ಇದೇ ಮೊದ್ಲು. ಅದಕ್ಯಾಕೆ ಮುಖ ಹಂಗೆ ಮಾಡ್ಕೊಂಡ್ರಿ?” ಆಮೇಲೆ ನನ್ನ ಕಡೆ ತಿರುಗಿ ಚಕ್ಕುಲಿ ಕೊಟ್ಟರು. ನಾನು ತಿಂದೆ. ಏನು ಮಾಡಲಿ, ತಿಂದೆ.

ಸಂಸೆಗೆ ಹೋಗಲಿಲ್ಲ. ಮರುದಿನ ಅವರೊಬ್ಬರೇ ಕಾರು ತಂದು, ಎಲ್ಲ ಬಿಚ್ಚಿಹಾಕು ಎಂದರು. ನಾನು ಕತ್ತರಿ ಎತ್ತಿ ಬಿಸಾಕಿದೆ. “ನಿಮಗೇನು ತಲೆ ಕೆಟ್ಟಿದೆಯಾ? ಇಂಥ ಕೆಲ್ಸ ಈ ಜಿಲ್ಲೆಯಲ್ಲಿ ಇನ್ನೊಬ್ಬರು ಮಾಡಿಲ್ಲ. ಹೋಗಿ ಅಮ್ಮನಿಗೆ ನಿಜ ಹೇಳಿ!”

“ಹೇಳಿದ್ರೆ ಅವಳು ಗೋಡೆ ಕಡೆ ತಿರುಗ್ತಾಳೆ. ಕಾರು ಕೆಟ್ಟಿದೆ ಅಂದ್ರೆ ನನ್ ಕಡೆ ತಿರುಗ್ತಾಳೆ” ಎಂದರು. “ನಿಂಗೆ ಕೈ ಮುಗಿತೀನಿ, ಬಿಚ್ಚು.” ನನಗಿಂತ ಇಪ್ಪತ್ತು ವರ್ಷ ದೊಡ್ಡವರು ನಿಜವಾಗಿಯೂ ಕೈ ಮುಗಿದರು. ನಾನು ಕತ್ತರಿ ಹೆಕ್ಕಿಕೊಂಡೆ.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಬಸ್‌ಸ್ಟ್ಯಾಂಡಿನಲ್ಲಿ, ಹೋಟೆಲಿನಲ್ಲಿ ಅದೇ ಮಾತು. ಎರಡು ವರ್ಷ ಪ್ಲಾನ್ ಮಾಡಿ ಕಾರಿಗೆ ಸ್ಪೀಕರ್ ಕೂರಿಸಲಾಗದೆ ಬಿಚ್ಚಿಹಾಕಿದರಂತೆ. “ಕಾಲ ಮುಗೀತು ಬಿಡಿ ಮೈಕ್‌ಸೆಟ್ಟಿನವ್ರದ್ದು” ಎಂದು ಅವರೆದುರೇ ನಕ್ಕರು. ಅವರೂ ನಕ್ಕು, “ಹೌದು ಮಾರಾಯ, ಒಳಗಿನ ಕೆಲ್ಸ ನಂಗೆ ಬರಲ್ಲ” ಎಂದರು. ಕಾರ್ ಡೆಕೋರ್ ಅಂಗಡಿಯವನೊಬ್ಬ, ನಾನು ಅರ್ಧ ದಿನದಲ್ಲಿ ಮಾಡಿಕೊಡುತ್ತೇನೆ ಎಂದು ಮನೆ ಬಾಗಿಲಿಗೇ ಬಂದ. ಅವನು ಮಾಡಿದರೆ ಸರಿಯಾಗಿಬಿಡುತ್ತದಲ್ಲ! ಸರಿಯಾದರೆ ಅಮ್ಮನಿಗೆ ಗೊತ್ತಾಗುತ್ತದಲ್ಲ! ಈ ಕಾರಿಗೆ ಅರ್ತ್ ಸಿಗುವುದೇ ಇಲ್ಲ, ಯಾರ ಕೈಲೂ ಆಗುವುದಿಲ್ಲ ಎಂದು ಅವನನ್ನು ಬೈದು ಕಳಿಸಿದರು. ಅವನು ಆ ಮಾತನ್ನು ಇನ್ನಷ್ಟು ಉಪ್ಪು ಖಾರ ಹಚ್ಚಿ ಊರಿಗೆ ಹೇಳಿದ. ಮದುವೆಗೆ ಕರೆಯುವವರು ಕಡಿಮೆಯಾದರು.

ಅಷ್ಟು ಸಾಲದೆಂದು ಅಮ್ಮನ ಒತ್ತಾಯ ಬೇರೆ. ಮುಂದೇನು, ಮುಂದೇನು ಎಂದು ಕೇಳುವರು. ಅದಕ್ಕೆ ದಿನಾ ಸಂಜೆ ಜಗಲಿಯಲ್ಲಿ ಅಮ್ಮನ ಕಣ್ಣೆದುರು ಕೂತು ಹಾಳೆ ಹರಡಿಕೊಂಡು ಹೊಸ ಪ್ಲಾನು ಬರೆಯುವುದು ಶುರುವಾಯಿತು. ಅಮ್ಮ ಪಕ್ಕದಲ್ಲಿ ಕೂತು ಅವರಿಗೆ ಪೆನ್ಸಿಲ್ ಚೂಪು ಮಾಡಿಕೊಡುತ್ತಿದ್ದರು. ನಾನು ಹೋದಾಗಲೆಲ್ಲ, “ಈ ಸಲ ಆಗ್ತದಂತೆ” ಎಂದು ಹೇಳುವರು. ಅವರು ಹಾಳೆಯಿಂದ ತಲೆಯೆತ್ತಿ ನನ್ನನ್ನು ನೋಡುತ್ತಿರಲಿಲ್ಲ.

ಮರುವರ್ಷ ಎದೆನೋವು ಅಂತ ಚಿಕ್ಕಮಗಳೂರಿನ ಆಸ್ಪತ್ರೆಗೆ ಸೇರಿದ ಮೈಕ್‌ಸೆಟ್ಟಿನವರು ವಾಪಸ್ ಬರಲಿಲ್ಲ. ಮಣ್ಣಿಗೆ ಬಂದವರಲ್ಲೂ ಇಬ್ಬರು ಆ ಸ್ಪೀಕರಿನ ಕತೆಯನ್ನೇ ಹೇಳಿಕೊಂಡು ನಿಂತಿದ್ದರು. ಅವರ ಬಾಯಿಗೆ ಫೆಲ್ಟು ತುರುಕಬೇಕು ಅನ್ನಿಸಿತು.

ಕಾರ್ಯವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅಮ್ಮ ನನ್ನನ್ನು ಕರೆಸಿದರು. ಸೊರಗಿದ್ದರು, ಆದರೆ ಗೋಡೆಯ ಕಡೆ ತಿರುಗಿರಲಿಲ್ಲ. ಒಳಗಿನಿಂದ ಹಾಳೆಗಳ ಒಂದು ದೊಡ್ಡ ಕಟ್ಟು ತಂದು ನನ್ನ ಮಡಿಲಿಗೆ ಹಾಕಿದರು.

“ಜನ ಏನಂತಾರೆ ಅಂತ ನಂಗೆ ಗೊತ್ತು ಕಣೇ. ಅವರ ಕೈಲಿ ಆಗ್ಲಿಲ್ಲ ಅಂತಾರೆ. ಆ ಮಾತು ಉಳೀಬಾರ್ದು. ಇಷ್ಟೊಂದು ಬರ್ದಿದ್ದಾರೆ, ಒಂದಾದ್ರೂ ಸರಿ ಇದ್ದೇ ಇರ್ತದೆ. ನೋಡಿ ಹೇಳು, ಯಾರ ಕೈಲಾದ್ರೂ ಮಾಡ್ಸೋಣ. ಅವರ ಪ್ಲಾನು ಅಂತ ನಾನೇ ಊರಿಗೆಲ್ಲ ಹೇಳ್ತೀನಿ.”

ನಾನು ಒಂದೊಂದೇ ಹಾಳೆ ತಿರುವಿದೆ. ಒಂದು ವರ್ಷದ ಸಂಜೆಗಳು. ಎಲ್ಲಾ ಹಾಳೆಯಲ್ಲೂ ಇದ್ದದ್ದು ಒಂದೇ ಪ್ಲಾನು. ಅದೇ ಸೀಟಿನಡಿಯ ಪೆಟ್ಟಿಗೆ, ಅದೇ ಓರೆ, ಡಿಕ್ಕಿಯಲ್ಲಿ ಅದೇ ಬ್ಯಾಟರಿ, ಅಮ್ಮನ ಕಿವಿಗೆ ಅದೇ ಅಳತೆ. ಆ ಭಾನುವಾರ ನನ್ನನ್ನು ಅಳಿಸಿದ ಪ್ಲಾನನ್ನೇ ಅವರು ದಿನಾ ಕೂತು ಬರೆದಿದ್ದರು, ಒಂದು ಗೆರೆಯೂ ತಪ್ಪದೆ.

ಅಮ್ಮ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿಕೊಂಡು, ತುಟಿ ಚೆನ್ನಾಗಿ ಕಾಣುವ ಹಾಗೆ, ನಿಧಾನವಾಗಿ ಹೇಳಿದೆ.

“ಒಂದೂ ಸರಿ ಇಲ್ಲಮ್ಮ.”